ಗಿರಿಯಾತ್ರೆಯೂ ಸಾರಿಗೆ ಬಸ್ಸೂ

ಮಳೆಗಾಲ ಕಳೆದು ಆಶ್ವಯುಜದ ಬಿಸಿಲು ಬೆಟ್ಟಗಳ ಮೇಲೆ ಬಿದ್ದಿತೆಂದರೆ, ಕೊಡಗಿನ ವಿದ್ಯಾವಂತರ ಮನೆಗಳಿಗೆ ಬಯಲುಸೀಮೆಯ ನೆಂಟರಿಷ್ಟರಿಂದ ಒಂದೇ ಬಗೆಯ ವಿಚಾರಣೆಗಳು ಬರಲಾರಂಭಿಸುತ್ತವೆ. ದುಬಾರೆಯ ಆನೆಗಳನ್ನು ನೋಡಬೇಕು, ತಡಿಯಂಡಮೋಳನ್ನು ಹತ್ತಬೇಕು, ತಲಕಾವೇರಿಯಲ್ಲಿ ಒಂದು ಬೆಳಗನ್ನು ಕಳೆಯಬೇಕು, ನಮಗೆ ಸ್ವಂತ ಕಾರಿಲ್ಲ, ಏನು ಮಾಡೋಣ? ಈ ಪ್ರಶ್ನೆಗೆ ನಮ್ಮವರಲ್ಲಿ ಬಹುಮಂದಿ ಕೊಡತಕ್ಕ ಉತ್ತರವೂ ಒಂದೇ: ‘ಕಾರಿಲ್ಲದೆ ಕೊಡಗನ್ನು ನೋಡಲಾಗದು; ಒಂದನ್ನು ಬಾಡಿಗೆಗೆ ಹಿಡಿದುಕೊಂಡು ಬನ್ನಿರಿ.’ ಈ ಉತ್ತರವು ಸುಳ್ಳೆಂದೂ, ಸುಳ್ಳಾಗಿರುವುದಲ್ಲದೆ ನಮ್ಮ ನಾಡಿಗೆ ಹಾನಿಕರವಾದುದೆಂದೂ, ಅದನ್ನು ಕೊಡತಕ್ಕವರು ತಮಗೆ ಅರಿವಿಲ್ಲದೆಯೇ ಬಡವರ ಬಸ್ಸಿಗೆ ಕೊಡಲಿಯೇಟು ಹಾಕುತ್ತಿದ್ದಾರೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಈ ತಪ್ಪು ನಂಬಿಕೆಗೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೊಡಗಿನಲ್ಲಿ ರೈಲು ಇಲ್ಲ. ಮೂಡಣಕ್ಕೆ ಮೈಸೂರು, ಪಡುವಣಕ್ಕೆ ಮಂಗಳೂರು, ತೆಂಕಣ ಘಾಟಿಯ ಕೆಳಗೆ ಕಣ್ಣೂರು ಮತ್ತು ತಲಶೇರಿ, ಈ ಊರುಗಳವರೆಗೆ ಬಂದ ಕಂಬಿಗಳು ನಮ್ಮ ಗಡಿಯ ಹೊರಗೇ ನಿಂತಿವೆ. ಆದುದರಿಂದ ಇಲ್ಲಿಗೆ ಬರತಕ್ಕವರಿಗೆ ರಸ್ತೆಯೊಂದೇ ಗತಿ. ಆದರೆ ರಸ್ತೆಯೊಂದೇ ಗತಿ ಎಂಬುದರಿಂದ ಸ್ವಂತ ಮೋಟಾರೊಂದೇ ಗತಿ ಎಂದು ಹೇಗಾಯಿತು? ಮೈಸೂರು ಸಂಸ್ಥಾನದ ಸರಕಾರವು ೧೯೪೮ನೆಯ ಇಸವಿ ಸೆಪ್ಟೆಂಬರ್ ೧೨ರಂದು ತನ್ನದೇ ರಸ್ತೆ ಸಾರಿಗೆಯನ್ನು ಆರಂಭಿಸಿತು. ೧೯೫೬ರ ನವೆಂಬರ್ ೧ರಂದು ಕೊಡಗು ಆ ರಾಜ್ಯದಲ್ಲಿ ಸೇರಿತು. ೧೯೬೧ರ ಆಗಸ್ಟ್ ೧ರಂದು ಆ ಸಾರಿಗೆಯು ನಿಗಮವಾಯಿತು. ಸರಕಾರದ ಬಸ್ಸು ಹೋಗದ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳು ಇಂದಿಗೂ ಓಡುತ್ತಿವೆ. ನಮ್ಮ ತಂದೆತಾಯಿಗಳು ಮದುವೆಗೂ ಮರಣಕ್ಕೂ ಜಾತ್ರೆಗೂ ಕೋರ್ಟಿಗೂ ಹೋಗಿಬಂದದ್ದು ಈ ಬಸ್ಸುಗಳಲ್ಲಿಯೇ. ಅದೇ ದಾರಿ, ಅದೇ ಬಸ್ಸು ಇರಲಾಗಿ, ಬೆಟ್ಟಕ್ಕೆ ಹೋಗತಕ್ಕವನಿಗೆ ಮಾತ್ರ ಅದು ಒಗ್ಗದಾದುದು ಹೇಗೆ?

ವಾದವನ್ನು ಗಾಳಿಯಲ್ಲಿ ಬೆಳೆಸದೆ ದುಬಾರೆಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಮೈಸೂರಿನಿಂದ ಹುಣಸೂರು ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿಗೆ ಹೋಗತಕ್ಕ ಬಸ್ಸುಗಳೆಲ್ಲವೂ ಕುಶಾಲನಗರವನ್ನು ಮುಟ್ಟಿಯೇ ಹೋಗುತ್ತವೆ. ದೂರವು ತೊಂಬತ್ತು ಕಿಲೋಮೀಟರಿನಷ್ಟು. ಹಿಂದೆ ಫ್ರೇಸರಪೇಟೆಯೆನಿಸಿಕೊಂಡಿದ್ದ ಈ ಊರಿನಲ್ಲಿ ಇಳಿದು, ಗುಡ್ಡೆಹೊಸೂರಿನ ಬಳಿ ಎಡಕ್ಕೆ ಹೊರಳಿ ಸಿದ್ದಾಪುರಕ್ಕೆ ಹೋಗತಕ್ಕ ಬಸ್ಸನ್ನು ಹಿಡಿದರೆ, ಹದಿನೈದು ಕಿಲೋಮೀಟರಿನೊಳಗೆ ನಂಜರಾಯಪಟ್ಟಣವನ್ನು ದಾಟಿ ದುಬಾರೆಯ ಕೈಕವಲಿಗೆ ಬರುತ್ತೇವೆ. ಅಲ್ಲಿಂದ ಕಾವೇರಿಯ ದಡಕ್ಕೆ ಕಾಲ್ನಡಿಗೆ. ನಡೆಯಲಾರದವರಿಗೆ ಆಟೋರಿಕ್ಷಾ ಉಂಟು. ಹೊಳೆಯ ಆಚೆಗೆ ಅರಣ್ಯ ಇಲಾಖೆಯ ಆನೆಯ ಬಿಡಾರ. ಮೈಸೂರು ದಸರೆಯ ಮೆರವಣಿಗೆಗೆ ಹೋಗತಕ್ಕ ಆನೆಗಳಲ್ಲಿ ಕೆಲವು ಇಲ್ಲಿಯವು. ಕಾರಿನಲ್ಲಿ ಬಂದವನೂ ತನ್ನ ಕಾರನ್ನು ಈ ದಡದಲ್ಲಿಯೇ ಬಿಟ್ಟು ದೋಣಿಯನ್ನು ಹತ್ತಬೇಕು, ಇಲ್ಲವೆ ಬೇಸಗೆಯಲ್ಲಿ ಬಂಡೆಗಳ ಮೇಲೆ ಕಾಲಿಟ್ಟು ದಾಟಬೇಕು. ಹೊಳೆ ತುಂಬಿ ಹರಿಯುವಾಗ ದೋಣಿಯೂ ಇಲ್ಲ. ಆಗ ಕಾರುಳ್ಳವನೂ ಕಾರಿಲ್ಲದವನೂ ಒಂದೇ ದಡದಲ್ಲಿ ನಿಂತು ಒಂದೇ ನೀರನ್ನು ನೋಡಿ ಹಿಂದಿರುಗಬೇಕು. ಹೀಗಿರಲಾಗಿ, ದುಬಾರೆಯನ್ನು ನೋಡಲು ಕಾರಿನಿಂದ ದೊರಕುವ ಅಧಿಕ ಪ್ರಯೋಜನವೇನೆಂಬುದನ್ನು ಬಲ್ಲವರು ಹೇಳಬೇಕು.

ಒಂದು ಪ್ರಯೋಜನ ಉಂಟೆಂದು ಹೇಳುವರು: ಬೇಕಾದಾಗ ಹೊರಡಬಹುದು. ಅದು ನಿಜವೇ ಸರಿ. ಆದರೆ ಆನೆಗಳು ಸ್ನಾನಕ್ಕಿಳಿಯುವುದು ಬೆಳಗಿನ ಹೊತ್ತು. ಕಾರಿನವನಿಗಾಗಿ ಅವು ಮಧ್ಯಾಹ್ನದವರೆಗೆ ಕಾದಿರುವುದಿಲ್ಲ. ಮೈಸೂರಿನಿಂದ ನಸುಕಿನ ಬಸ್ಸಿಗೆ ಹೊರಟವನು, ಇಲ್ಲವೆ ಹಿಂದಿನ ಸಂಜೆಯೇ ಬಂದು ಕುಶಾಲನಗರದಲ್ಲಿ ತಂಗಿದವನು ಸ್ನಾನದ ಹೊತ್ತಿಗೆ ದಡದಲ್ಲಿರುತ್ತಾನೆ. ‘ಬೇಕಾದಾಗ’ ಹೊರಟವನು ದಾರಿಯ ಉಪಾಹಾರಗೃಹಗಳಲ್ಲಿ ಹೊತ್ತು ಕಳೆದು, ವಾಹನಗಳ ಸಾಲಿನಲ್ಲಿ ನಿಂತು, ಒದ್ದೆಯಾದ ಕಲ್ಲುಗಳನ್ನು ಕಂಡು ಹೋಗುತ್ತಾನೆ. ವೇಳೆಯ ಸ್ವಾತಂತ್ರ್ಯವೆಂಬುದು ವೇಳೆಯನ್ನು ಕಾಯತಕ್ಕವನಿಗೆ ದೊರಕುವ ಫಲವೇ ಹೊರತು ವೇಳೆಯನ್ನು ಲಕ್ಷಿಸದವನ ಸೊತ್ತಲ್ಲ.

ಇನ್ನು ಬೆಟ್ಟಗಳ ಮಾತು. ಇಲ್ಲಿಯೇ ಆಕ್ಷೇಪಕರು ತಮ್ಮ ದನಿಯನ್ನು ಎತ್ತರಿಸುವರು. ದುಬಾರೆಯು ತಗ್ಗಿನಲ್ಲಿರುವ ಹೊಳೆದಡ. ಅಲ್ಲಿಗೆ ಬಸ್ಸು ಹೋದರೆ ಏನಾಶ್ಚರ್ಯ? ಗಿರಿಗಳ ಬುಡಕ್ಕೆ ಬಸ್ಸಿನಲ್ಲಿ ಹೋಗುವುದುಂಟೇ ಎಂದು ಕೇಳುವರು. ಉಂಟೆಂದೇ ನನ್ನ ಉತ್ತರ. ತಡಿಯಂಡಮೋಳು ನಮ್ಮ ಜಿಲ್ಲೆಯ ಶಿಖರಗಳಲ್ಲೆಲ್ಲ ಉನ್ನತವಾದುದು, ೧,೭೪೮ ಮೀಟರು. ದುಬಾರೆಯಿಂದ ಸಿದ್ದಾಪುರದ ಮೇಲೆ ವಿರಾಜಪೇಟೆಗೆ ಹೋಗಿ, ಅಲ್ಲಿಂದ ಕಕ್ಕಬೆಯ ಬಸ್ಸನ್ನು ಹಿಡಿಯಬಹುದು; ಅಥವಾ ಮಡಿಕೇರಿಯಿಂದ ನಾಪೋಕ್ಲಿನ ಮೇಲೆ ಹೋಗಬಹುದು. ಕಕ್ಕಬೆಯ ಹತ್ತಿರ ಕೈಕಂಬದಲ್ಲಿ ಇಳಿದು ನಡೆದರೆ, ದೊಡ್ಡವೀರರಾಜೇಂದ್ರನು ೧೭೯೨ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಸಿಕ್ಕುತ್ತದೆ. ಅಲ್ಲಿಂದ ತುದಿಗೆ ಐದಾರು ಕಿಲೋಮೀಟರು. ಮೊದಲರ್ಧವು ತೋಟದ ದಾರಿ, ಆಮೇಲೆ ಹುಲ್ಲು, ನಡುನಡುವೆ ಶೋಲೆಯ ಕಾಡು, ಕೊನೆಗೆ ಕಡಿದಾದ ಏರು. ಈ ಐದಾರು ಕಿಲೋಮೀಟರುಗಳಲ್ಲಿ ಮುಖ್ಯವಾದ ಭಾಗವನ್ನು ಯಾವ ಕಾರೂ ಹತ್ತಿಸಿಕೊಡದು.

ಬ್ರಹ್ಮಗಿರಿಯ ಶಿಖರಕ್ಕೆ ಹೋಗತಕ್ಕವರು ಗೋಣಿಕೊಪ್ಪದಿಂದ ಶ್ರೀಮಂಗಲದ ಮೇಲೆ ಕುಟ್ಟಕ್ಕೆ ಹೋಗತಕ್ಕ ಬಸ್ಸಿನಲ್ಲಿ ಹೋಗಿ ಇರ್ಪುವಿನ ಕವಲಿನಲ್ಲಿ ಇಳಿಯಬೇಕು. ಲಕ್ಷ್ಮಣತೀರ್ಥವು ಧುಮುಕುವ ಆ ಕ್ಷೇತ್ರದಿಂದಲೇ ಕಾಡುದಾರಿ ಆರಂಭವಾಗುತ್ತದೆ. ಇದು ೧೯೭೪ರಲ್ಲಿ ಸ್ಥಾಪಿತವಾದ ವನ್ಯಜೀವಿಧಾಮವಾದಕಾರಣ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹೆಜ್ಜೆಯಿಡಕೂಡದು. ೧,೭೧೨ ಮೀಟರಿನ ಪುಷ್ಪಗಿರಿಗೆ ಎರಡು ಬಾಗಿಲುಗಳು: ಸೋಮವಾರಪೇಟೆಯ ಕಡೆಯಿಂದ ಶಾಂತಳ್ಳಿಯ ಮೇಲೆ ಒಂದು, ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಇನ್ನೊಂದು. ಎರಡನೆಯದಕ್ಕೆ ರೈಲಿನ ಸೌಕರ್ಯವೂ ಉಂಟು. ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದರೆ ಕ್ಷೇತ್ರಕ್ಕೆ ಬಸ್ಸು ಸಿಕ್ಕುತ್ತದೆ. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಗೆ ಇಳಿಯುವ ಆನಂದವು ಅಪ್ಪಣೆಯು ದೊರೆತಾಗ ಬಸ್ಸಿನವನಿಗೇ ಮೀಸಲು. ಕಾರಿನವನು ಎಷ್ಟೇ ಹತ್ತಿದರೂ ತನ್ನ ಕಾರನ್ನು ಕಟ್ಟಿದ ಗೂಟಕ್ಕೇ ಮರಳಬೇಕು. ಯಾರು ಸ್ವತಂತ್ರರು?

ಇನ್ನು ಯೋಜನೆಯ ವಿಚಾರವಾಗಿ ಒಂದೆರಡು ಮಾತುಗಳನ್ನು ಹೇಳುವುದು ಯುಕ್ತ. ಬಸ್ಸಿನಲ್ಲಿ ಹೋಗಿ ಕಷ್ಟಪಟ್ಟೆವೆಂದು ದೂರತಕ್ಕವರಲ್ಲಿ ಬಹುಮಂದಿ, ಹೋಗುವ ಬಸ್ಸನ್ನು ವಿಚಾರಿಸಿ ಬರುವ ಬಸ್ಸನ್ನು ವಿಚಾರಿಸದೆ ಹೊರಟವರು. ಗಿರಿಯಾತ್ರೆಯ ಯೋಜನೆಯನ್ನು ಸಂಜೆಯಿಂದ ಬೆಳಗಿಗೆ ಹಿಂದುಹಿಂದಾಗಿ ಮಾಡತಕ್ಕದ್ದು. ಆ ಹಳ್ಳಿಯಿಂದ ಹೊರಡುವ ಕೊನೆಯ ಬಸ್ಸು ಯಾವುದು? ಅದನ್ನಲ್ಲ, ಅದಕ್ಕೂ ಹಿಂದಿನದನ್ನು ನಮ್ಮದೆಂದು ಇಟ್ಟುಕೊಳ್ಳಬೇಕು. ಕೊನೆಯದು ಆಪತ್ತಿಗೆ ಇರಲಿ. ಆ ಬಸ್ಸಿನ ವೇಳೆಯಿಂದ ಇಳಿಯುವ ಹೊತ್ತನ್ನು ಕಳೆಯಬೇಕು, ಹತ್ತುವ ಹೊತ್ತನ್ನು ಕಳೆಯಬೇಕು, ಊಟವಿಶ್ರಾಂತಿಗಳಿಗೆ ಒಂದು ತಾಸನ್ನು ಕಳೆಯಬೇಕು. ಆಗ ಉಳಿಯುವುದೇ ನಾವು ಬೆಟ್ಟದ ಬುಡದಲ್ಲಿ ಇರತಕ್ಕ ವೇಳೆ. ಆ ವೇಳೆಗೆ ಮುಟ್ಟಿಸತಕ್ಕ ಬಸ್ಸು ಬೆಳಿಗ್ಗೆ ಇಲ್ಲವಾದರೆ ಹಿಂದಿನ ಸಂಜೆಯೇ ಹೋಗಿ ಹಳ್ಳಿಯಲ್ಲಿ ತಂಗುವುದು ಲೇಸು. ಕಕ್ಕಬೆಯಲ್ಲಿಯೂ ಭಾಗಮಂಡಲದಲ್ಲಿಯೂ ತಂಗಲು ಸ್ಥಳಗಳುಂಟು. ಹಾಗೆ ತಂಗಿದವನ ಹಣ ಆ ಊರಿನ ಮನೆಯೊಂದಕ್ಕೇ ಸಲ್ಲುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ನಸುಕಿಗೆ ಮಡಿಕೇರಿಯಲ್ಲಿ ಇಳಿಸುತ್ತದೆ. ಆದರೆ ನಿದ್ದೆಗೆಟ್ಟ ಕಣ್ಣಿನಲ್ಲಿ ಅಂದೇ ಶಿಖರವನ್ನು ಹತ್ತುವುದು ಆತುರಗಾರರ ಕೆಲಸ. ಮೊದಲನೆಯ ದಿನ ದುಬಾರೆ, ಎರಡನೆಯ ದಿನ ಬೆಟ್ಟ ಎಂಬ ಕ್ರಮವು ದೇಹಕ್ಕೂ ಮನಸ್ಸಿಗೂ ಹಿತವಾದುದು.

ಕಾಲವನ್ನೂ ಆರಿಸಿಕೊಳ್ಳಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಬೆಟ್ಟಗಳು ಮಳೆಯ ಸ್ವಾಧೀನದಲ್ಲಿರುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರನ್ನು ಮೀರಿ ಮಳೆ ಬೀಳುತ್ತದೆ. ಭಾಗಮಂಡಲದಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಆಗ ಜಿಗಣೆ, ಜಾರಿಕೆ, ಮಂಜು, ತುಂಬಿದ ತೊರೆ. ಅಕ್ಟೋಬರಿನ ನಡುವಿನಿಂದ ಫೆಬ್ರವರಿಯವರೆಗಿನ ಕಾಲವೇ ನಡೆಯತಕ್ಕವರ ಕಾಲ.

ಈಗ ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಮೊದಲನೆಯದು, ಹೆಂಗಸರು ಮಕ್ಕಳಿರುವ ಸಂಸಾರಕ್ಕೆ ಬಸ್ಸು ತಕ್ಕುದಲ್ಲವೆಂಬುದು. ಈ ಮಾತನ್ನು ಹೇಳತಕ್ಕವರು ಬಸ್ಸಿನೊಳಕ್ಕೆ ಒಮ್ಮೆ ಕಣ್ಣು ಹಾಯಿಸಲಿ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯ ಮೂಲಕ ರಾಜ್ಯದ ಹೆಂಗಸರಿಗೆ ಸರಕಾರದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಹೋಗುವ ಹಕ್ಕು ದೊರೆತಿದೆ. ತಮ್ಮ ಊರಿನಿಂದ ಆಚೆಯ ತಾಲ್ಲೂಕನ್ನೂ ಕಾಣದಿದ್ದ ತಾಯಂದಿರು ಗುಂಪುಗೂಡಿ ಕ್ಷೇತ್ರಗಳನ್ನು ನೋಡಿ ಬರುತ್ತಿದ್ದಾರೆ. ಅವರು ಧರ್ಮಸ್ಥಳಕ್ಕೂ ಕುಕ್ಕೆಗೂ ಹೋಗಿಬರಬಲ್ಲರಾದರೆ, ವಿದ್ಯಾವಂತರ ಮನೆಯ ಹೆಂಗಸರಿಗೆ ದುಬಾರೆಯೊಂದು ಅಸಾಧ್ಯವೇ? ಖಾಸಗಿ ಬಸ್ಸಿನಲ್ಲಿ ಈ ರಿಯಾಯಿತಿ ಇಲ್ಲವೆಂಬುದನ್ನೂ ಗುರುತಿನ ಚೀಟಿ ಕೈಯಲ್ಲಿರಬೇಕೆಂಬುದನ್ನೂ ನೆನಪಿಟ್ಟರೆ ಸಾಕು.

ಎರಡನೆಯದು ಅಪಾಯದ ಆಕ್ಷೇಪ. ಇದು ಹುರುಳಿಲ್ಲದ ಮಾತಲ್ಲ. ಕೊಡಗಿನ ತೋಟದ ದಾರಿಗಳಲ್ಲಿ ಕಾಡಾನೆ ಎದುರಾಗಿ ಪ್ರಾಣ ನೀಗಿದವರಿದ್ದಾರೆ. ದುಬಾರೆಯ ಕಾಡಿನ ಅಂಚಿನ ಊರುಗಳವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಆದಕಾರಣ ನಡೆಯತಕ್ಕವನು ಬೆಳಕು ಹರಿಯುವುದಕ್ಕೆ ಮೊದಲೂ ಸೂರ್ಯಾಸ್ತದ ತರುವಾಯವೂ ತೋಟದ ದಾರಿಯಲ್ಲಿರಕೂಡದು, ಊರವರು ಬೇಡವೆಂದ ಕಡೆಗೆ ಹೋಗಕೂಡದು, ಒಬ್ಬಂಟಿಯಾಗಿ ಹೋಗಕೂಡದು. ಆದರೆ ಇದರಿಂದ ಸಿದ್ಧವಾಗುವುದೇನು? ಹಗಲಿನ ಬಸ್ಸುಗಳು ಬೇಕೆಂದು, ಕೈಕವಲಿನಲ್ಲಿ ದೀಪವೂ ಮಾಡೂ ಇರಬೇಕೆಂದು. ಈ ಅಪಾಯವು ವರ್ಷಕ್ಕೊಂದು ದಿನ ಬರತಕ್ಕ ಯಾತ್ರಿಕನದು ಮಾತ್ರವೇ? ದಿನವೂ ಆ ದಾರಿಯಲ್ಲಿಯೇ ನಡೆದು ಬಸ್ಸು ಹಿಡಿಯತಕ್ಕ ತೋಟದ ಕೂಲಿಯವನದೂ ಶಾಲೆಯ ಹುಡುಗಿಯದೂ ಅಲ್ಲವೇ?

ಮೂರನೆಯ ಆಕ್ಷೇಪವು ನಮ್ಮ ಊರವರದೇ: ಕಾರಿನಲ್ಲೂ ಬೇಡ, ಬಸ್ಸಿನಲ್ಲೂ ಬೇಡ, ಬರುವುದೇ ಬೇಡ. ಬೆಟ್ಟದ ಮೇಲೆ ಒಡೆದ ಸೀಸೆ, ತೊರೆಯಲ್ಲಿ ಪ್ಲಾಸ್ಟಿಕ್ಕು, ರಜೆಯ ದಿನ ಆಸ್ಪತ್ರೆಗೆ ಹೋಗಲೂ ಬಿಡದ ವಾಹನಗಳ ಸಾಲು, ಇವನ್ನು ಅನುಭವಿಸಿದವರ ಈ ಕೋಪವು ನ್ಯಾಯವಾದುದು. ಆದರೆ ಅವರ ದೂರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಮುಕ್ಕಾಲು ಪಾಲು ವಾಹನದ ಮೇಲಿನವೆಂದೂ, ಮನುಷ್ಯನ ಮೇಲಿನವು ಅಲ್ಪವೆಂದೂ ಕಾಣಬರುತ್ತದೆ. ದಾರಿಯನ್ನು ಕಟ್ಟುವುದು ಕಾರು. ಹುಲ್ಲುಗಾವಲಿನ ಅಂಚನ್ನು ಕೆಸರಾಗಿಸುವುದು ಚಕ್ರ. ಮಾಂದಲಪಟ್ಟಿಯ ದಾರಿಯನ್ನು ಬಲ್ಲವರಿಗೆ, ಜೀಪುಗಳ ಸಾಲು ಒಂದು ಗುಡ್ಡವನ್ನು ಏನು ಮಾಡಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ. ಪೆಟ್ಟಿಗೆಗಟ್ಟಲೆ ಸೀಸೆಗಳನ್ನು ಬೆನ್ನಿನ ಮೇಲೆ ಹೊತ್ತು ಬಸ್ಸು ಹತ್ತುವವರು ವಿರಳ.

ಲೆಕ್ಕವನ್ನೇ ನೋಡೋಣ. ೨೦೨೪ರ ಜನವರಿಯ ಕೊನೆಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದರು. ಅದರಿಂದ ಎಚ್ಚತ್ತ ಅರಣ್ಯ ಇಲಾಖೆಯು ಚಾರಣಗಳನ್ನು ಕೆಲಕಾಲ ತಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣದ ಮೂಲಕ ಮುಂಗಡವಾಗಿ ಚೀಟಿ ಪಡೆಯುವ ಏರ್ಪಾಡನ್ನು ಮಾಡಿ, ಒಂದು ಪಥಕ್ಕೆ ದಿನವೊಂದಕ್ಕೆ ೩೦೦ ಜನರ ಮಿತಿಯನ್ನು ಗೊತ್ತುಮಾಡಿತು. ಒಳ್ಳೆಯ ಕೆಲಸವೇ. ಆದರೆ ಆ ೩೦೦ ಜನ ಬರುವುದು ಹೇಗೆ? ಕಾರಿಗೆ ನಾಲ್ವರಂತೆ ಬಂದರೆ ೭೫ ಕಾರುಗಳು. ಬಸ್ಸಿಗೆ ೫೦ ಜನರಂತೆ ಬಂದರೆ ಆರು ಬಸ್ಸುಗಳು. ಎಪ್ಪತ್ತೈದು ಕಾರುಗಳನ್ನು ನಿಲ್ಲಿಸಲು ಬೆಟ್ಟದ ಬುಡದಲ್ಲಿ ಸಮತಟ್ಟಾದ ನೆಲವೆಲ್ಲಿದೆ? ಇಲ್ಲ. ಹಾಗಾದರೆ ಇಳಿಜಾರನ್ನು ಕಡಿಯಬೇಕು. ಕಡಿದರೆ ಏನಾಗುವುದೆಂಬುದನ್ನು ನಾವು ೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು ಜೋಡುಪಾಲಗಳ ಕಡೆ ಕಂಡೆವು; ಗುಡ್ಡಗಳು ಮನೆಗಳೊಡನೆ ಕೆಳಗಿಳಿದವು, ಮಂಗಳೂರಿನ ಹೆದ್ದಾರಿ ತುಂಡಾಯಿತು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಮೇಲಿನ ಬೆಟ್ಟವೇ ಜಾರಿ ಜೀವಗಳನ್ನು ಕೊಂಡುಹೋಯಿತು. ಮಳೆಯು ಅತಿಯಾಗಿದ್ದಿತೆಂಬುದು ದಿಟ. ಆದರೆ ಇಳಿಜಾರುಗಳನ್ನು ಕಡಿದು ದಾರಿಯನ್ನೂ ಕಟ್ಟಡವನ್ನೂ ಮಾಡಿದುದು ಮಣ್ಣಿನ ಹಿಡಿತವನ್ನು ಸಡಿಲಿಸಿತೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಕಾರುಗಳಿಗೆ ಎಡೆಮಾಡಿಕೊಡಲು ಬೆಟ್ಟವನ್ನು ಕಡಿದು, ಬಳಿಕ ಉಳಿದ ಬೆಟ್ಟವನ್ನು ನೋಡಲು ಜನರನ್ನು ಕರೆಯುವುದು ಯಾವ ಜಾಣತನ?

ನೆರೆಯ ನೀಲಗಿರಿಯವರು ಇದನ್ನು ಗ್ರಹಿಸಿದ್ದಾರೆ. ಮದ್ರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೨೪ರ ಮೇ ತಿಂಗಳಲ್ಲಿ ಉದಕಮಂಡಲಕ್ಕೂ ಕೊಡೈಕಾನಲಿಗೂ ಹೋಗತಕ್ಕ ಪ್ರವಾಸಿ ವಾಹನಗಳಿಗೆ ಮುಂಗಡ ಪರವಾನಗಿಯ ಕಟ್ಟಳೆ ಬಂದಿತು. ಸರಕಾರಿ ಬಸ್ಸಿನಲ್ಲಿ ಹೋಗತಕ್ಕವರಿಗೆ ಆ ಕಟ್ಟಳೆಯಿಲ್ಲ. ಬಸ್ಸಿನ ಪ್ರಯಾಣಿಕನು ಬೆಟ್ಟಕ್ಕೆ ಭಾರವಲ್ಲವೆಂಬ ತತ್ತ್ವವನ್ನು ಇಲ್ಲಿ ಕಾನೂನೇ ಒಪ್ಪಿದಂತಾಯಿತು.

ಇದಂತಿರಲಿ. ನನ್ನ ವಾದದ ಮುಖ್ಯಾಂಶವು ಬೆಟ್ಟದ್ದೂ ಅಲ್ಲ, ಯಾತ್ರಿಕನದೂ ಅಲ್ಲ, ಅದು ಬಸ್ಸಿನದು. ನಮ್ಮ ಒಳದಾರಿಗಳ ಬಸ್ಸಿನಲ್ಲಿ ಇಂದು ಯಾರು ಕುಳಿತಿರುತ್ತಾರೆ? ತೋಟದ ಕೆಲಸದವರು, ಕಾಲೇಜಿಗೆ ಹೋಗತಕ್ಕ ಹುಡುಗ ಹುಡುಗಿಯರು, ಆಸ್ಪತ್ರೆಗೆ ಹೊರಟ ಮುದುಕರು, ಸಂತೆಗೆ ಹೊರಟ ಜೇನುಕುರುಬರ ಹೆಂಗಸರು. ದುಬಾರೆಯ ಆನೆಗಳನ್ನು ಸಾಕಿ ಪಳಗಿಸತಕ್ಕ ಮಾವುತರೂ ಕಾವಾಡಿಗಳೂ ಹೆಚ್ಚಾಗಿ ಈ ಜೇನುಕುರುಬರೇ. ನಾವು ಅವರ ಆನೆಯನ್ನು ನೋಡಲು ಕಾರಿನಲ್ಲಿ ಹೋಗುತ್ತೇವೆ. ಅವರು ತಮ್ಮ ಮಗುವಿಗೆ ಔಷಧಿ ತರಲು ಬಸ್ಸಿಗೆ ಕಾದಿರುತ್ತಾರೆ. ದಸರೆಯ ಗಜಪಯಣವು ವೀರನಹೊಸಹಳ್ಳಿಯಲ್ಲಿ ನಾಲ್ಕು ಹೆಜ್ಜೆ ನಡೆದು ಆಮೇಲೆ ಲಾರಿಯನ್ನು ಏರುವ ಕಾಲದಲ್ಲಿ, ದಿನವೂ ಮೈಲಿಗಟ್ಟಲೆ ನಡೆಯತಕ್ಕವರು ಇವರೊಬ್ಬರೇ ಉಳಿದಿದ್ದಾರೆಂದರೆ ತಪ್ಪಾಗದು.

ಒಂದು ಹೊತ್ತಿನ ಬಸ್ಸು ನಿಂತರೆ ಇವರಿಗೆ ಏನಾಗುವುದೆಂಬುದನ್ನು ಯೋಚಿಸಿರಿ. ಸಂಜೆಯ ಬಸ್ಸಿಲ್ಲದೆ ಹೋದರೆ ಹುಡುಗಿಯ ಓದು ನಿಲ್ಲುತ್ತದೆ. ಬೆಳಗಿನ ಬಸ್ಸಿಲ್ಲದೆ ಹೋದರೆ ಕೂಲಿಯವನ ದಿನಗೂಲಿ ಹೋಗುತ್ತದೆ. ಆದರೆ ಆ ಬಸ್ಸು ನಿಂತಾಗ ಅರ್ಜಿ ಬರೆಯತಕ್ಕವರು ಯಾರು? ಹಿಂದೆ ಶಾಲೆಯ ಉಪಾಧ್ಯಾಯರೂ ಅಂಚೆಯ ಗುಮಾಸ್ತರೂ ವಕೀಲರೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ, ಬಸ್ಸು ಅರ್ಧ ತಾಸು ತಡವಾದರೆ ಪತ್ರಿಕೆಗೆ ಕಾಗದ ಹೋಗುತ್ತಿತ್ತು. ಈಗ ಅವರ ಮಕ್ಕಳು ಕಾರನ್ನು ಕೊಂಡಿದ್ದಾರೆ. ಬಸ್ಸು ನಿಂತುದು ಅವರಿಗೆ ಗೊತ್ತೇ ಆಗುವುದಿಲ್ಲ. ಬರೆಯಬಲ್ಲವರು ಬಸ್ಸಿನಿಂದ ಇಳಿದುಹೋದಂದಿನಿಂದ ಬಸ್ಸು ಮೂಕವಾಗಿದೆ. ಆದಾಯ ಸಾಲದೆಂದು ಒಂದು ಹೊತ್ತನ್ನು ಕಳೆಯುತ್ತಾರೆ. ಹೊತ್ತು ಕಳೆದುದರಿಂದ ಜನರು ಬೇರೆ ದಾರಿ ಹುಡುಕುತ್ತಾರೆ. ಜನರಿಲ್ಲವೆಂದು ಇನ್ನೊಂದು ಹೊತ್ತನ್ನು ಕಳೆಯುತ್ತಾರೆ. ಈ ಸುಳಿಯನ್ನು ತಡೆಯಬೇಕಾದರೆ ವಿದ್ಯಾವಂತರು ಮರಳಿ ಬಸ್ಸನ್ನು ಹತ್ತಬೇಕು. ದಿನನಿತ್ಯವೂ ಆಗದಿದ್ದರೆ ಬೇಡ. ಬೆಟ್ಟಕ್ಕೆ ಹೋಗುವ ಸಂತೋಷದ ದಿನವಾದರೂ ಹತ್ತಲಿ. ಆ ಒಂದು ದಿನದಲ್ಲಿ ಮಾಡಿಲ್ಲದ ನಿಲ್ದಾಣವನ್ನು ಅವರು ಕಣ್ಣಾರೆ ಕಾಣುವರು, ಮಾಸಿದ ವೇಳಾಪಟ್ಟಿಯನ್ನು ಓದಲಾರದೆ ನಿಲ್ಲುವರು, ಮತ್ತು ಮನೆಗೆ ಬಂದು ಲೇಖನಿಯನ್ನು ಹಿಡಿಯುವರು.

ಇದು ಬರಿಯ ಕನಸೆಂದು ಹೇಳತಕ್ಕವರು ಸ್ವಿಟ್ಜರ್ಲೆಂಡಿನ ಕಡೆಗೆ ನೋಡಲಿ. ನಮಗಿಂತ ಎಷ್ಟೋ ಕಠಿನವಾದ ಪರ್ವತಗಳ ಆ ದೇಶದಲ್ಲಿ ಅಂಚೆಯ ಇಲಾಖೆಯು ೧೯೦೬ರಲ್ಲಿಯೇ ಮೋಟಾರು ಬಸ್ಸನ್ನು ಓಡಿಸಿತು. ಅದರ ಹಳದಿ ಬಸ್ಸುಗಳು ಇಂದಿಗೂ ಕಣಿವೆಯ ಕೊನೆಯ ಹಳ್ಳಿಯವರೆಗೆ ಹೋಗುತ್ತವೆ. ರೈಲು ಬರುವ ಹೊತ್ತಿಗೆ ಬಸ್ಸು ಹೊರಡುವಂತೆ ವೇಳೆಗಳನ್ನು ಹೊಂದಿಸಿರುತ್ತಾರೆ. ೧೯೭೯ರಲ್ಲಿ ಆ ದೇಶದ ಪ್ರಜೆಗಳು ಮತವಿತ್ತು ಕಾಲುದಾರಿಗಳ ರಕ್ಷಣೆಯನ್ನು ತಮ್ಮ ರಾಜ್ಯಾಂಗದಲ್ಲಿಯೇ ಸೇರಿಸಿದರು. ಅಲ್ಲಿಯವರು ಶ್ರೀಮಂತರೆಂದು ತಳ್ಳಿಹಾಕಬಾರದು. ವೇಳಾಪಟ್ಟಿಯನ್ನು ಬರೆದು ಹಲಗೆಗೆ ಅಂಟಿಸಲು ಎಷ್ಟು ಸಂಪತ್ತು ಬೇಕು? ಅಷ್ಟು ದೂರವೇಕೆ? ತುಲಾಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ದಿನ ನಮ್ಮ ಜಿಲ್ಲೆಯಲ್ಲಿಯೇ ಹೆಚ್ಚಿನ ಬಸ್ಸುಗಳು ಓಡುತ್ತವೆ. ಭಾಗಮಂಡಲದಿಂದ ಎಂಟು ಕಿಲೋಮೀಟರನ್ನು ಎಷ್ಟೋ ಜನ ಭಕ್ತಿಯಿಂದ ನಡೆದೇ ಏರುತ್ತಾರೆ. ಬಸ್ಸು ಮತ್ತು ಕಾಲು, ಇವೆರಡರಿಂದ ಬೆಟ್ಟವನ್ನು ಮುಟ್ಟುವ ಸಂಪ್ರದಾಯ ನಮ್ಮದೇ. ವರ್ಷಕ್ಕೊಂದು ದಿನ ಸಾಧ್ಯವಾದುದನ್ನು ರಜೆಯ ದಿನಗಳಿಗೂ ವಿಸ್ತರಿಸಬೇಕೆಂಬುದಷ್ಟೇ ನನ್ನ ಬೇಡಿಕೆ.

ಆದುದರಿಂದ ಮೂವರಲ್ಲಿ ಮೂರು ಅರಿಕೆಗಳು. ಸರಕಾರದಲ್ಲಿ: ಕುಶಾಲನಗರ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪಗಳ ನಿಲ್ದಾಣಗಳಲ್ಲಿ ಸರಕಾರಿ ಮತ್ತು ಖಾಸಗಿ ಬಸ್ಸುಗಳೆರಡರ ವೇಳೆಗಳನ್ನು ಒಂದೇ ಹಲಗೆಯ ಮೇಲೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ, ಹೋಗುವ ಬಸ್ಸಿನೊಡನೆ ಹಿಂದಿರುಗುವ ಕೊನೆಯ ಬಸ್ಸನ್ನೂ ಸೇರಿಸಿ ಬರೆಯಿಸಬೇಕು. ಅರಣ್ಯ ಇಲಾಖೆಯವರು ದಿನದ ೩೦೦ ಚೀಟಿಗಳಲ್ಲಿ ಒಂದು ಪಾಲನ್ನು ಬಸ್ಸಿನಲ್ಲಿ ಬಂದವರಿಗೆ, ಬಸ್ಸಿನ ಟಿಕೇಟನ್ನು ತೋರಿಸಿದವರಿಗೆ, ಸ್ಥಳದಲ್ಲಿಯೇ ಕೊಡಬೇಕು. ಜಾಲತಾಣವನ್ನು ಬಳಸಲರಿಯದ ಸಿದ್ದಾಪುರದ ಕೂಲಿಯ ಮಗನಿಗೆ ತನ್ನ ಊರಿನ ಬೆಟ್ಟವನ್ನು ಹತ್ತುವ ಹಕ್ಕಿಲ್ಲವೆಂದಾಗಕೂಡದು. ಬೆಟ್ಟದ ಬುಡದಲ್ಲಿ ಕಾರುಗಳಿಗಾಗಿ ಹೊಸ ನೆಲವನ್ನು ಕಡಿಯಕೂಡದು; ರಜೆಯ ದಿನ ಕಾರುಗಳನ್ನು ಪೇಟೆಯಲ್ಲಿಯೇ ನಿಲ್ಲಿಸಿ ಅಲ್ಲಿಂದ ಬಸ್ಸನ್ನು ಓಡಿಸಬೇಕು.

ನಮ್ಮ ಸಂಘದಲ್ಲಿ: ಮೇಲೆ ಹೇಳಿದ ಹಲಗೆಗೆ ಕಾದು ಕುಳಿತಿರದೆ, ಸದಸ್ಯರು ತಮ್ಮ ತಮ್ಮ ಊರಿನ ಬಸ್ಸುಗಳ ವೇಳೆಗಳನ್ನು ಬರೆದು ಕಳುಹಿಸಿದರೆ, ಒಂದೆರಡು ಪುಟಗಳ ಪಟ್ಟಿಯನ್ನು ವರ್ಷಕ್ಕೆರಡು ಸಲ ಅಚ್ಚು ಹಾಕಿ ಹಂಚಬಹುದು. ಕವಿತೆಗಳ ಸಂಕಲನಗಳನ್ನು ಅಚ್ಚು ಹಾಕತಕ್ಕ ಸಂಘಕ್ಕೆ ಬಸ್ಸಿನ ಪಟ್ಟಿ ಕೀಳಾದ ಕೆಲಸವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಕೋಶದ ಭಾರವನ್ನು ಹೊತ್ತ ಸಂಘವು ಸುತ್ತುವ ದಾರಿಯನ್ನೂ ತೋರಿಸಲಿ.

ಕಡೆಯದಾಗಿ ಓದುಗರ ಮನೆಗಳಲ್ಲಿ: ಈ ವರ್ಷ ನೆಂಟರು ವಿಚಾರಿಸಿದಾಗ ‘ಕಾರಿಲ್ಲದೆ ಆಗದು’ ಎಂಬ ಹಳೆಯ ಸುಳ್ಳನ್ನು ಹೇಳಬೇಡಿರಿ. ಮೈಸೂರಿನಿಂದ ಕುಶಾಲನಗರಕ್ಕೆ, ಕುಶಾಲನಗರದಿಂದ ದುಬಾರೆಯ ಕೈಕವಲಿಗೆ, ಅಲ್ಲಿಂದ ಸಿದ್ದಾಪುರಕ್ಕೆ, ವಿರಾಜಪೇಟೆಗೆ, ಕಕ್ಕಬೆಗೆ ಎಂದು ದಾರಿಯನ್ನು ಬರೆದು ಕಳುಹಿಸಿರಿ. ಕೊನೆಯ ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ವಿಚಾರಿಸಿ ಕೆಳಗೆ ಕಾಣಿಸಿರಿ. ಬೆನ್ನಿನ ಚೀಲದಲ್ಲಿ ನೀರನ್ನೂ ಬುತ್ತಿಯನ್ನೂ ತರಬೇಕೆಂದು ಎಚ್ಚರಿಸಿರಿ. ಸಾಧ್ಯವಾದರೆ ನೀವೂ ಅವರೊಡನೆ ಬಸ್ಸನ್ನು ಹತ್ತಿರಿ. ಕಿಟಕಿಯ ಬಳಿ ಕುಳಿತ ಆ ಎರಡು ತಾಸುಗಳಲ್ಲಿ, ಪಕ್ಕದ ಪೀಠದಲ್ಲಿ ಕುಳಿತವರು ಯಾರೆಂಬುದನ್ನು ನೀವು ಅರಿಯುವಿರಿ. ಅವರ ಬಸ್ಸು ನಿಮ್ಮ ಬಸ್ಸೂ ಹೌದೆಂಬುದನ್ನು ಒಪ್ಪುವಿರಿ. ಅಷ್ಟಾದರೆ ಬೆಟ್ಟವನ್ನು ಹತ್ತುವುದಕ್ಕೆ ಮೊದಲೇ ಯಾತ್ರೆಯ ಅರ್ಧ ಫಲವು ಸಿದ್ಧಿಸಿತೆಂದು ನನ್ನ ದೃಢವಾದ ನಂಬಿಕೆ.